ನಿದ್ದೆಯ ಪರೀಕ್ಷೆ

ಅತ್ತೆ ಫೇಲಾದದ್ದು ನಿದ್ದೆಯಲ್ಲಿ. ಟ್ರೇಲರನ್ನು ರಿವರ್ಸ್ ತೆಗೆದು ಗೆರೆಯೊಳಗೆ ನಿಲ್ಲಿಸುವುದರಲ್ಲಿ ಅವರದು ಎತ್ತಿದ ಕೈ. ಟೈರಿಗೆ ಒಂದೇಟು ತಟ್ಟಿ ಗಾಳಿ ಎಷ್ಟಿದೆಯೆಂದು ಹೇಳಿಬಿಡುತ್ತಿದ್ದರು. ಆದರೆ ಸೊಸೆ ಸ್ಟೇರಿಂಗ್ ಹಿಡಿದಾಗ ಲಾರಿಯ ಸೀಟಿನ ಹಿಂದಿನ ಮಂಚದಲ್ಲಿ ಮಲಗಿ ಎಂದರೆ ಮಾತ್ರ ರೆಪ್ಪೆಗೆ ರೆಪ್ಪೆ ಅಂಟಲಿಲ್ಲ. ತರಬೇತಿ ಕೊಡುವ ಮೇಷ್ಟ್ರು ಹಾಳೆಯಲ್ಲಿ "ಚಾಲನೆ: ಉತ್ತಮ. ವಿಶ್ರಾಂತಿ: ಇಲ್ಲ" ಎಂದು ಬರೆದು, ನಾಳೆ ಇನ್ನೊಂದೇ ಒಂದು ಅವಕಾಶ ಎಂದರು.

ಕಂಪನಿಯ ನಿಯಮ ಸರಳ. ದೂರ ಹೋಗುವ ಲಾರಿಗೆ ಇಬ್ಬರು. ಒಬ್ಬರು ಓಡಿಸುವಾಗ ಇನ್ನೊಬ್ಬರು ನಿದ್ದೆ ಮಾಡಬೇಕು. ಮಲಗದವರು ತಮ್ಮ ಸರದಿಯಲ್ಲಿ ತೂಕಡಿಸುತ್ತಾರೆ, ಅವರ ಜೊತೆ ನಲವತ್ತು ಟನ್ನೂ ತೂಕಡಿಸುತ್ತದೆ. ಜೋಡಿಯಲ್ಲಿ ಒಬ್ಬರು ಫೇಲಾದರೆ ಇಬ್ಬರೂ ಮನೆಗೆ. ಮನೆಯಲ್ಲೋ, ಸೊಸೆಯ ಗಂಡ ಇವರಿಗೆ ಲಾರಿ ಸಿಕ್ಕೇಬಿಟ್ಟಿತೆಂದು ನಂಬಿ ಮಗಳಿಗೆ ಜಡೆ ಹಾಕುವುದನ್ನೂ ಕಲಿತಿದ್ದ. ಫೋಟೋ ಬಂದಿತ್ತು: ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕಿವಿಯ ಕೆಳಗೆ.

ಹದಿನೆಂಟು ವರ್ಷ ಶಾಲೆಯ ವ್ಯಾನ್ ಓಡಿಸಿದ್ದ ಅತ್ತೆಯೇ ಸೊಸೆಗೆ ಡ್ರೈವಿಂಗ್ ಕಲಿಸಿದ್ದು. ಅದೇ ಈಗ ಎಡವಟ್ಟಾಗಿತ್ತು. ಮುಂದೆ ಇವಳು ಬ್ರೇಕ್ ಮುಟ್ಟುವ ಮೊದಲೇ ಹಿಂದೆ ಮಂಚದ ಹಲಗೆಗೆ ಅತ್ತೆಯ ಕಾಲು ಧಡ್ ಎಂದು ಒದೆಯುತ್ತಿತ್ತು. ಸಂಜೆ ಕ್ಯಾಂಟೀನಿನಲ್ಲಿ ಟೀ ಕುಡಿಯುವಾಗ ಸೊಸೆ ತಡೆಯಲಾರದೆ ಕೇಳಿಯೇಬಿಟ್ಟಳು.

"ನನ್ಮೇಲೆ ಅಷ್ಟೂ ನಂಬಿಕೆ ಇಲ್ವಾ ಅತ್ತೆ?"

ಅತ್ತೆ ಲೋಟದೊಳಗೇ ನೋಡುತ್ತಾ, "ನಂಗಿದೆ ಕಣೆ. ನನ್ನ ಕಾಲಿಗಿಲ್ಲ" ಎಂದರು.

ಮರುದಿನ ಮಧ್ಯಾಹ್ನ, ಊಟ ಮುಗಿಸಿದ ಮೇಲೆ ಅತ್ತೆ ಚಪ್ಪಲಿ ಬಿಚ್ಚಿ, ಮಂಚ ಹತ್ತಿ, ಪರದೆ ಎಳೆದುಕೊಂಡರು. ಲಾರಿ ಹೆದ್ದಾರಿಗೆ ಸೇರುವಷ್ಟರಲ್ಲಿ ಗೊರಕೆಯೂ ಶುರುವಾಯಿತು. ಉಸಿರು ಎಳೆದದ್ದೆಷ್ಟೋ ಬಿಟ್ಟದ್ದೂ ಅಷ್ಟೇ, ಗಡಿಯಾರ ಇಟ್ಟು ಅಳೆದಂತೆ. ಇವಳು ಬ್ರೇಕ್ ಮೇಲೆ ಕಾಲಿಟ್ಟಾಗಲೆಲ್ಲ ಅದು ಗಪ್ಪೆಂದು ನಿಲ್ಲುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಮೇಷ್ಟ್ರು ಪೆನ್ನಿನ ತುದಿ ಕಚ್ಚುತ್ತಾ, "ಇಪ್ಪತ್ತೆರಡು ವರ್ಷದಿಂದ ಕೇಳ್ತಿದೀನಿ. ಗೊರಕೆಗೆ ತಾಳ ಇರಲ್ಲಮ್ಮ" ಎಂದು ಪಿಸುಗುಟ್ಟಿದರು. ಹೋಯಿತು, ಲಾರಿಯೂ ಹೋಯಿತು, ಜಡೆ ಕಲಿತದ್ದೂ ದಂಡವಾಯಿತು ಎಂದುಕೊಂಡ ಸೊಸೆ, ಬೇರೆ ದಾರಿ ಕಾಣದೆ, ಕಣ್ಣನ್ನು ರಸ್ತೆಗೆ ನೆಟ್ಟು ಓಡಿಸತೊಡಗಿದಳು.

ಘಾಟಿಯ ಬೋರ್ಡು ಕಂಡದ್ದೇ ತಡ, ಇಳಿಜಾರಿಗೆ ಮೊದಲೇ ಗೇರು ಇಳಿಸಿದಳು. ಎಂಜಿನ್ ಗುರುಗುಟ್ಟುತ್ತಾ ಭಾರವನ್ನು ತಾನೇ ಹಿಡಿದುಕೊಂಡಿತು. ಮೂರನೆಯ ತಿರುವು ದಾಟಿದರೆ, ರಸ್ತೆಯ ನಟ್ಟನಡುವೆ ಒಂದು ಕಾರು! ಅದರ ಯಜಮಾನ ಬಾಗಿಲು ತೆರೆದಿಟ್ಟು, ಕಣಿವೆಗೆ ಬೆನ್ನು ಮಾಡಿ ನಿಂತ ಹೆಂಡತಿಯ ಫೋಟೋ ತೆಗೆಯುತ್ತಿದ್ದ. ಸೊಸೆ ಬ್ರೇಕನ್ನು ಒಂದೇ ಸಮ ತುಳಿಯದೆ, ಒತ್ತಿ, ಬಿಟ್ಟು, ಮತ್ತೆ ಒತ್ತಿ, ಹಟ ಹಿಡಿದ ಎಮ್ಮೆಯನ್ನು ಪುಸಲಾಯಿಸಿ ನಿಲ್ಲಿಸಿದಂತೆ ನಿಲ್ಲಿಸಿದಳು. ಲಾರಿಯ ಮೂತಿಗೂ ಕಾರಿಗೂ ನಡುವೆ ನಾಲ್ಕು ಮೊಳ ಉಳಿದಿತ್ತು. ಡ್ಯಾಶ್‌ಬೋರ್ಡಿನ ಮೇಲಿದ್ದ ಮೇಷ್ಟ್ರ ನೀರಿನ ಬಾಟಲಿ ಅಲುಗಿ, ಬೀಳದೆ ಸುಮ್ಮನಾಯಿತು.

ಸಿಟ್ಟಿನಿಂದ ಕೆಂಪಾದ ಮೇಷ್ಟ್ರು ಹಾರ್ನಿಗೆ ಕೈ ಚಾಚಿದರು. ಸೊಸೆ ಆ ಕೈಯನ್ನು ತಡೆದಳು. ಹಿಂದಿನಿಂದ ಸದ್ದು ಬರುತ್ತಿತ್ತು. ಒಮ್ಮೆ ಗರಗಸ, ಒಮ್ಮೆ ಶಿಳ್ಳೆ, ನಡುವೆ ಏನೂ ಇಲ್ಲ, ಆಮೇಲೆ ಕುದಿಯುವ ಪಾತ್ರೆಯ ಮುಚ್ಚಳ. ತಾಳವೂ ಇಲ್ಲ, ಮೇಳವೂ ಇಲ್ಲ. ಹಲಗೆಗೆ ಒದೆ ಬಿದ್ದೇ ಇರಲಿಲ್ಲ. ಇಬ್ಬರೂ ಉಸಿರು ಬಿಗಿಹಿಡಿದು ಕೇಳಿಸಿಕೊಂಡರು. ಕಾರಿನವನು ತಲೆಯೆತ್ತಿ ಲಾರಿಯನ್ನು ಕಂಡು ಹೌಹಾರಿ, ಹೆಂಡತಿಯನ್ನು ಒಳಗೆ ತಳ್ಳಿಕೊಂಡು ಓಟ ಕಿತ್ತ.

ಉಳಿದ ದಾರಿಯುದ್ದಕ್ಕೂ ಸೊಸೆಗೆ ಒಂದೇ ಚಡಪಡಿಕೆ. ಹುಟ್ಟಿದಾಗಿನಿಂದ ಇಷ್ಟು ಚೆನ್ನಾಗಿ ಅವಳು ಗಾಡಿ ನಿಲ್ಲಿಸಿದ್ದಿಲ್ಲ; ನೋಡಬೇಕಾದವರೇ ನೋಡಲಿಲ್ಲ. ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಳು: ತಿರುವು, ಕಾರು, ನಾಲ್ಕು ಮೊಳ. ಮೂರೇ ಮೊಳ ಎನ್ನುವುದೋ ಎಂದೂ ಯೋಚಿಸಿದಳು.

ಕಂಪನಿಯ ಅಂಗಳದಲ್ಲಿ ಲಾರಿ ನಿಂತಾಗ ಮೇಷ್ಟ್ರೇ ಪರದೆ ತಟ್ಟಿ ಎಬ್ಬಿಸಿದರು. ಕೆನ್ನೆಯ ಮೇಲೆ ದಿಂಬಿನ ಗೆರೆ ಹೊತ್ತ ಅತ್ತೆ ಮುಖ ಹೊರಗೆ ಚಾಚಿದರು.

"ಇಳಿಜಾರಲ್ಲಿ ನಿಮ್ಮ ಸೊಸೆ ಹೇಗೆ ಓಡಿಸಿದ್ರು, ಹೇಳಿ ನೋಡೋಣ" ಎಂದರು ಮೇಷ್ಟ್ರು.

ಅತ್ತೆ ಸುಳ್ಳು ಹೇಳಲು ಬಾಯಿ ತೆರೆದರು, ಸುಳ್ಳು ಹೊಳೆಯಲಿಲ್ಲ. ಪರೀಕ್ಷೆಯಲ್ಲಿ ಪ್ರಶ್ನೆಯೇ ಗೊತ್ತಿಲ್ಲದ ಹುಡುಗಿಯಂತೆ ಸೊಸೆಯ ಕಡೆ ತಿರುಗಿ, "ಇಳಿಜಾರು ಯಾವಾಗ ಬಂತೇ?" ಎಂದು ಮೆಲ್ಲಗೆ ಕೇಳಿದರು.

ಮೇಷ್ಟ್ರು ಹಾಳೆಯ ಮೇಲೆ ದೊಡ್ಡದಾಗಿ ಸರಿ ಗುರುತು ಹಾಕಿ ಕೆಳಗಿಳಿದು ಹೋದರು. ಅತ್ತೆಗೆ ಇನ್ನೂ ಗಾಬರಿ. "ಏನಾಯ್ತೇ ಅಲ್ಲಿ?"

ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡ ಕಥೆ ಸೊಸೆಯ ನಾಲಿಗೆಯ ತುದಿಯವರೆಗೆ ಬಂದಿತ್ತು. ಅವಳು ಅತ್ತೆಯ ಚಪ್ಪಲಿಗಳನ್ನು ಕಾಲಿಗೆ ಸಿಗುವಂತೆ ತಿರುಗಿಸಿಟ್ಟು, "ಏನೂ ಆಗ್ಲಿಲ್ಲ ಅತ್ತೆ" ಎಂದಳು.