ಮಂಗಳವಾರದ ಉಬ್ಬಸ

ಇನ್‌ಹೇಲರ್ ಎಳೆದ ಮೇಲೂ ಮೊಮ್ಮಗಳ ಎದೆ ಸುಂಯ್‌ಗುಡುತ್ತಿತ್ತು. ಅಜ್ಜಿ ಡಾಕ್ಟರನ್ನೇ ತರಾಟೆಗೆ ತೆಗೆದುಕೊಂಡಳು.

“ಮೂರು ಸಲ ಇದೇ ಪಂಪು ಬರೆದುಕೊಟ್ರಿ. ಅದೇನು ಓದಿದ್ರೋ! ಉಬ್ಬಸ ಯಾಕೆ ಬರುತ್ತೆ ಅಂತ ಹೇಳೋಕಾಗಲ್ಲ.”

“ಮನೇಲಿ ಯಾರಾದ್ರೂ ಸಿಗರೇಟು ಸೇದ್ತಾರಾ, ಅಮ್ಮ?”

“ನಮ್ಮದು ಅಂಥಾ ಮನೆಯಲ್ಲ.”

“ನಾಯಿ, ಬೆಕ್ಕು?”

“ಹೊಸ್ತಿಲು ದಾಟೋಕೆ ಬಿಡಲ್ಲ.”

“ಉಬ್ಬಸ ಜಾಸ್ತಿ ಆಗೋದು ಯಾವಾಗ?”

“ಪ್ರತಿ ಮಂಗಳವಾರ, ದೀಪ ಹಚ್ಚಿದ ಮೇಲೆ. ನಾನು ಮೂರನೇ ಕ್ಲಾಸು, ನನಗೇ ಗೊತ್ತು. ನಿಮಗೆ ಗೊತ್ತಿಲ್ಲ!”

“ಆ ಹೊತ್ತಲ್ಲಿ ಮನೇಲಿ ಏನು ಮಾಡ್ತೀರಿ?”

ಅಜ್ಜಿ ಡಾಕ್ಟರ ದಡ್ಡತನಕ್ಕೆ ತುಟಿ ಕೊಂಕಿಸಿದಳು.

“ಇನ್ನೇನು ಮಾಡ್ತಾರೆ? ಬಾಗಿಲು, ಕಿಟಕಿ ಮುಚ್ಚಿ, ಇವಳನ್ನ ಮುಂದೆ ಕೂರಿಸ್ಕೊಂಡು, ಕೆಂಡಕ್ಕೆ ಒಣಮೆಣಸಿನಕಾಯಿ ಹಾಕಿ ದೃಷ್ಟಿ ತೆಗೀತೀನಿ. ಅದೂ ಇಲ್ದಿದ್ರೆ ಮಗು ಉಳೀತಿತ್ತಾ?”