ಎರಡನೇ ಸಾಕ್ಷಿ

“ಪೊಲೀಸರ ಮುಂದ ಹೇಳಿದ್ದಷ್ಟ ಕೋರ್ಟಿನ್ಯಾಗೂ ಹೇಳು, ಚೌಡವ್ವ. ಸೋಮವಾರ ಕೆಲಸಕ್ಕ ಬರಬೇಕಲ್ಲ?” ಬ್ಯಾಡಗಿ ಬಸ್‌ಸ್ಟ್ಯಾಂಡಿನಲ್ಲಿ ಸಾವುಕಾರ ಬೆಳಿಗ್ಗೆ ಇಷ್ಟೇ ಹೇಳಿ ಹೋಗಿದ್ದ. ಅವನ ಅಂಗಡಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿಯೇ ಚೌಡವ್ವ ಇಪ್ಪತ್ತು ವರ್ಷ ಉಂಡಿದ್ದಳು. ಈಗ ಹಾವೇರಿ ಕೋರ್ಟಿನ ಕಟಕಟೆಯಲ್ಲಿ ನಿಂತಿದ್ದಳು. ಎದುರಿಗೆ ಆರೋಪಿ ಪುಂಡಲೀಕ, ಸಾವುಕಾರನ ತಮ್ಮ.

ಪೊಲೀಸರಿಗೆ ಅವಳು ಹೇಳಿದ್ದು ಒಂದೇ ಮಾತು: ನನಗೇನೂ ಗೊತ್ತಿಲ್ಲ.

ನೆರೆಮನೆಯ ದೀಪಿಕಾ, ಒಂಬತ್ತು ವರ್ಷದ ಕೂಸು, ಹೋದ ವಾರವೇ ಇದೇ ಕೋಣೆಯಲ್ಲಿ ನಿಂತು ಎಲ್ಲ ಹೇಳಿದ್ದಳು. ಅವ್ವ ಕಾಗಿನೆಲೆಗೆ ಹೋದ ದಿನ ಚೌಡವ್ವಜ್ಜಿಯ ಜೊತೆ ಅಂಗಡಿಗೆ ಹೋದದ್ದು, ಗೋದಾಮಿನಲ್ಲಿ ಪುಂಡಲೀಕ ಮಾಡಿದ್ದು, ಓಡಿ ಬಂದು ಮೊದಲು ಅಜ್ಜಿಗೇ ಹೇಳಿದ್ದು. ಆದರೆ ದೂರು ಕೊಟ್ಟದ್ದು ಹನ್ನೊಂದು ದಿನ ತಡವಾಗಿ. ಡಾಕ್ಟರ ವರದಿಯಲ್ಲಿ ಏನೂ ಸಿಕ್ಕಿರಲಿಲ್ಲ. ಕೂಸಿನ ಮಾತಿಗೆ ಆಸರೆಯಾಗಿ ಉಳಿದದ್ದು ಚೌಡವ್ವನ ಮಾತೊಂದೇ.

“೨೦೦೫ರ ಫೆಬ್ರವರಿ ಎಂಟಕ್ಕ ಹುಡುಗಿ ನಿಮ್ಮ ಮುಂದ ಏನರ ಹೇಳಿದಳೇನು?” ಸರಕಾರಿ ವಕೀಲರು ಕೇಳಿದರು.

ಚೌಡವ್ವ ಕಟಕಟೆಯ ಪಟ್ಟಿ ಹಿಡಿದುಕೊಂಡಳು. ಪುಂಡಲೀಕ ಸಣ್ಣಗೆ ಕೆಮ್ಮಿದ.

“ಹೇಳಿದ್ಲರಿ. ನಡಗಾಕತ್ತಿದ್ಲು. ಪುಂಡಲೀಕಣ್ಣ ಬಾಗಲಾ ಹಾಕಿ ಕೆಟ್ಟದ್ದು ಮಾಡಿದ ಅಂದ್ಲು.”

“ನೀವೇನು ಮಾಡಿದ್ರಿ?”

ಅವಳು ಅಂಜಿದ್ದು ಈ ಪ್ರಶ್ನೆಗೇ. “ಕೂಸಿನ ಮಾರಿ ತೊಳದೆ. ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ದೇವರ ಆಣಿ ಮಾಡಿಸಿಕೊಂಡೆ. ಅದಕ್ಕ ಕೂಸು ಹನ್ನೊಂದು ದಿನ ಅವರವ್ವಗೂ ಹೇಳಲಿಲ್ಲರಿ. ತಡಾ ಆಗಿದ್ದು ನನ್ನಿಂದ.”

ಟೈಪು ಮಾಡುತ್ತಿದ್ದವನ ಕೈ ನಿಂತಿತು. ಪುಂಡಲೀಕನ ವಕೀಲ ಎದ್ದ. “ಪೊಲೀಸರಿಗೆ ಗೊತ್ತಿಲ್ಲ ಅಂದಿದ್ರಿ. ಇವತ್ತು ಹಿಂಗ ಅಂತೀರಿ. ಸುಳ್ಳು ಹೇಳೋದು ನಿಮಗ ರೂಢಿ, ಹೌದಲ್ಲ?”

“ಅವತ್ತು ಹೇಳಿದ್ದು ಸುಳ್ಳು, ಖರೇ. ಕೂಲಿ ಹೋಗತೈತಿ ಅಂತ ಅಂಜಿದ್ದೆ.” ಅವಳು ವಕೀಲನ ಕಡೆ ತಿರುಗಿದಳು. “ಸುಳ್ಳು ಹೇಳಿದಾಕಿ ನಾನರಿ. ಕೂಸಲ್ಲ.”

ವಕೀಲ ಕಾಗದ ತಿರುವಿದ. ನ್ಯಾಯಾಧೀಶರು ಟೈಪಿನವನ ಕಡೆ ನೋಡಿದರು. “ಆಕಿ ಹೇಳಿದಂಗ ಬರಕೋರಿ. ಒಂದ ಶಬ್ದ ಬಿಡಬ್ಯಾಡ್ರಿ.”

ಚೌಡವ್ವ ಹೊರಗೆ ಬಂದಾಗ ದೀಪಿಕಾಳ ತಾಯಿ ಮುತ್ತವ್ವನನ್ನು ಸಾಕ್ಷಿಗೆ ಕೂಗಿದರು. ಮುತ್ತವ್ವ ಅವಳನ್ನು ದಾಟಿ ಒಳಗೆ ಹೋದಳು. ವರಾಂಡದ ಬೆಂಚಿನಲ್ಲಿ ಮಹಿಳಾ ಪೊಲೀಸಿನ ಪಕ್ಕ ದೀಪಿಕಾ ಕೂತಿದ್ದಳು. ಚೌಡವ್ವ ಹತ್ತಿರ ಹೋಗಲೋ ಬೇಡವೋ ಎಂದು ನಿಂತಳು. ಹುಡುಗಿಯೇ ಸರಿದು ಜಾಗ ಮಾಡಿಕೊಟ್ಟಳು.

“ಅಜ್ಜಿ, ನೀ ಹೇಳಿದಿ?”

“ಹೇಳಿದೆ, ಅವ್ವಿ.”

ದೀಪಿಕಾ ಕಾಲು ತೂಗಿದಳು. “ಅದು ಖರೇನ ಏನು ಅಂತ ನನಗ ಆರು ಸಲ ಕೇಳಿದ್ರು. ನಿನಗ ಎಷ್ಟು ಸಲ ಕೇಳಿದ್ರು?”

ಅದು ಖರೇನ ಏನು ಅಂತ ಚೌಡವ್ವನಿಗೆ ಯಾರೂ ಒಂದು ಸಲವೂ ಕೇಳಿರಲಿಲ್ಲ.