ಹೊಳೆಯ ನಡುವಿನ ನೆಲ

“ಅಜ್ಜ, ಈ ಕುದ್ರುವಿನಲ್ಲಿ ಎಂತ ಇತ್ತು?” ಹೂಡೆಯ ಹೊಳೆಬದಿಯ ಮನೆಯ ಜಗಲಿಯಲ್ಲಿ ಸರ್ವೆಯ ಹಳೆಯ ನಕ್ಷೆ ಹರಡಿಕೊಂಡು ತನ್ವಿ ಕೇಳಿದಳು. ಊರಿನ ಹಳೆಯ ಜಾಗಗಳ ಹೆಸರು ಕಲೆಹಾಕಲು ಮಣಿಪಾಲದ ಕಾಲೇಜಿನಿಂದ ಬಂದ ಹುಡುಗಿ ಅವಳು. ಹೊಳೆಯ ನಡುವೆ ಇದ್ದ ಆ ತುಂಡು ನೆಲವನ್ನು ನೆರೆ ಎಂದೋ ಕೊಚ್ಚಿಕೊಂಡು ಹೋಗಿತ್ತು.

ಗಣಪ ನಕ್ಷೆಯ ಮೇಲೆ ಬೆರಳಿಟ್ಟರು. “ಎಂತದೂ ಇರಲಿಲ್ಲ,” ಎಂದರು. ಬೆರಳು ಮಾತ್ರ ಅಲ್ಲಿಂದ ಏಳಲಿಲ್ಲ.

ಚಹಾ ತಂದ ನಳಿನಾಕ್ಷಿ ಗಂಡನ ಬೆರಳನ್ನೇ ನೋಡುತ್ತ ನಿಂತರು. ಅವರ ಚೊಚ್ಚಲ ಮಗು ಹುಟ್ಟಿದ ದಿನವೇ ತೀರಿಕೊಂಡಿತ್ತು. ಬಾಣಂತಿಗೆ ಎಚ್ಚರವಾಗುವ ಮೊದಲೇ ಗಂಡಸರು ದೋಣಿಯಲ್ಲಿ ಒಯ್ದು ಮಣ್ಣು ಮಾಡಿ ಬಂದಿದ್ದರು. ಎಲ್ಲಿ ಎಂದು ಹೆಂಡತಿ ಕೇಳಿರಲಿಲ್ಲ, ಗಂಡ ಹೇಳಿರಲಿಲ್ಲ.

“ಅಲ್ಲಿಯಾ?” ಎಂದರು ನಳಿನಾಕ್ಷಿ. ಗಣಪ ಹೌದೆಂದು ತಲೆಯಾಡಿಸಿದರು. ಅಳು ಬರಬಹುದೆಂದು ಆಕೆ ಸ್ವಲ್ಪ ಹೊತ್ತು ಕಾದರು. ಬರಲಿಲ್ಲ. ಲೋಟಗಳನ್ನು ಕೆಳಗಿಟ್ಟರು.

“ಆ ಕುದ್ರುವಿಗೆ ಹೆಸರು ಉಂಟಾ ಮಗಾ?”

“ನಕ್ಷೆಯಲ್ಲಿ ಬರೆದಿಲ್ಲ ಅಜ್ಜಿ.”

“ಹಾಗಾದರೆ ವಾರಿಜ ಅಂತ ಬರಿ.”

ಗಣಪ ತಲೆಯೆತ್ತಿದರು. “ಅದು ಯಾರ ಹೆಸರು?”

“ನಮ್ಮ ಮಗಳದ್ದು,” ಎಂದರು ನಳಿನಾಕ್ಷಿ.